ನೀರಾದ ಸಿರಪ್

ಸಾಂದ್ರತೆ ಅಳೆಯುವ ಗಾಜಿನ ಕೊಳವೆ ಈ ಸಲವೂ ಜಾಡಿಯಲ್ಲಿ ಕುತ್ತಿಗೆವರೆಗೆ ಮುಳುಗಿತು. ಮಕ್ಕಳ ಜ್ವರದ ಸಿರಪ್ ಎಂಎಲ್‌ಗೆ ಒಂದು ಪಾಯಿಂಟ್ ಮೂರು ಗ್ರಾಂ ತೂಗಬೇಕಿತ್ತು. ಕೊಳವೆ ಒಂದು ಪಾಯಿಂಟ್ ಒಂದು ತೋರಿಸುತ್ತಿತ್ತು. ಕೆಮಿಸ್ಟ್ ಹುಡುಗಿ ಅದನ್ನು ಒರೆಸಿಟ್ಟು ಕಾರ್ಖಾನೆಯ ಮಾಲೀಕನತ್ತ ತಿರುಗಿದಳು. ಆತ ಅವಳ ಸೋದರಮಾವ.

"ಮಾವ, ಇದಕ್ಕೆ ಯಾರೋ ನೀರು ಬೆರೆಸಿದ್ದಾರೆ."

"ಬೆರೆಸಿದ್ದು ನಾನೇ ಕಣೇ. ನೀರು ಕುಡಿದು ಯಾರಾದ್ರೂ ಸತ್ತಿದ್ದಾರಾ? ಸುಮ್ನೆ ಪಾಸ್ ಮಾಡು, ಲಾರಿ ಕಾಯ್ತಿದೆ."

"ನೀರು ಕುಡಿದ್ರೆ ಮಗೂಗೆ ಜ್ವರ ಇಳಿಯುತ್ತಾ?"

"ಕೆಲಸ ಕೊಟ್ಟೋನಿಗೇ ಬುದ್ಧಿ ಹೇಳ್ತೀಯಾ? ನಡಿ, ನಿಮ್ಮಮ್ಮನ ಹತ್ರಾನೇ ಮಾತಾಡ್ತೀನಿ."

ಅವಳು ಸೀದಾ ಹೋಗಿ ಐನೂರು ಲೀಟರಿನ ತೊಟ್ಟಿಯ ಬುಡದಲ್ಲಿದ್ದ ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ಕೆಂಪು ಸಿರಪ್ ಭೊರ್ರೆಂದು ಚರಂಡಿಗೆ ನುಗ್ಗಿತು. ಬಾಟಲಿಗೆ ಮುಚ್ಚಳ ಹಾಕುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ಬಾಯಿ ಬಿಟ್ಟು ನೋಡಿದರು. ಮಾವ ಎದ್ದೆನೋ ಬಿದ್ದೆನೋ ಎಂದು ಓಡಿ ಬಂದು ಅವಳ ಕೈ ಹಿಡಿದೆಳೆದ.

"ನಲ್ಲಿ ನಿಲ್ಲಿಸೇ! ನಾನು ನಿನ್ನ ಮಾವ ಕಣೇ!"

"ಅದಕ್ಕೇ ಬರೀ ನಲ್ಲಿ ಬಿಟ್ಟಿದ್ದೀನಿ. ಬೇರೆಯವರಾಗಿದ್ರೆ ಮೊದಲು ಪೊಲೀಸರನ್ನ ಕರೀತಿದ್ದೆ."

ಮಾವನ ಹಿಡಿತ ಸಡಿಲವಾಯಿತು. ತೊಟ್ಟಿ ಬರಿದಾಗುವವರೆಗೂ ಅವಳು ನಲ್ಲಿಯಿಂದ ಕೈ ತೆಗೆಯಲಿಲ್ಲ.