ಹೇರಾನ್ ಹೇಳಿದ ಸಿನಿಮಾ

"ಈಗ ಅವಳು ಹಿಂದಿನಿಂದ ಬರ್ತಿದಾಳೆ," ಎಂದಳು ಹೇರಾನ್. "ಕುರ್ಚಿ ಎಳೆದು ದಾರೀಲಿ ಇಡ್ತಿದಾಳೆ. ಪಾಪ, ಗಂಡನಿಗೆ ಗೊತ್ತೇ ಇಲ್ಲ."

ಟೀವಿಯಲ್ಲಿ ಕರ್ರೆಂದು ಏನನ್ನೋ ಎಳೆದ ಸದ್ದು. ಸೋಫಾದ ಎಡತುದಿಯಲ್ಲಿ, ಇಪ್ಪತ್ತೆರಡು ವರ್ಷಗಳಿಂದ ತನ್ನದಾದ ಜಾಗದಲ್ಲಿ ಕೂತಿದ್ದ ಮಾನ್‌ಸಿಕ್ ಟೀವಿಯತ್ತ ಕಿವಿ ಚಾಚಿದ.

"ಯಾಕೆ ಇಡ್ತಾಳೆ?"

"ಅವನ ತಲೆ ಕೆಡಲಿ ಅಂತ. ದಿನಾ ಒಂದೊಂದು ಸಾಮಾನು ಜಾಗ ಬದಲಾಯಿಸಿದ್ರೆ ಯಾರಿಗೆ ತಾನೆ ತಲೆ ಕೆಡಲ್ಲ ಹೇಳಿ?"

ಮಾನ್‌ಸಿಕ್‌ಗೆ ಹತ್ತೊಂಬತ್ತನೆಯ ವಯಸ್ಸಿಗೇ ಕಣ್ಣು ಹೋಗಿತ್ತು. ಕೊರಿಯಾದ ಬುಸಾನಿನಲ್ಲಿ, ಬಂದರಿನ ಹಿಂದಿನ ಬೀದಿಯಲ್ಲಿ ಮೈ ಒತ್ತುವ ಕೆಲಸ, ಸೋಮವಾರ ರಜೆ. ರಜೆಯ ಮಧ್ಯಾಹ್ನ ಹೆಂಡತಿ ಸಿನಿಮಾ ಹಾಕಿ, ತೆರೆಯ ಮೇಲೆ ನಡೆದದ್ದನ್ನು ಹೇಳುವುದು ಮದುವೆಯಾದಂದಿನಿಂದ ನಡೆದುಬಂದ ರೂಢಿ. ರಕ್ತ ಚೆಲ್ಲದೆ ಮನಸ್ಸನ್ನೇ ಹಿಂಡುವ ಕಥೆಗಳೆಂದರೆ ಇಬ್ಬರಿಗೂ ಪ್ರಾಣ. ಮೊದಲೆಲ್ಲ ಕೊಲೆಗಾರ ಹೊಸ್ತಿಲಿಗೆ ಬಂದು ನಿಂತಿದ್ದರೂ ಇವಳು ನಾಯಕಿಯ ಅಂಗಿಯ ಮೇಲಿನ ಹೂವು ಎಣಿಸುತ್ತಿದ್ದಳು. "ಲೇ, ಕೊಂದನೋ ಇಲ್ಲವೋ, ಅದನ್ನ ಹೇಳೇ!" ಎಂದು ಅವನು ಗೋಗರೆಯಬೇಕಿತ್ತು. ಈಚೆಗೆ ಅಂಗಿಯಿಲ್ಲ, ಹೂವಿಲ್ಲ. ನೇರ ಕೊಲೆಯೇ.

ಕಣ್ಣಿಲ್ಲದವನ ಮನೆಯಲ್ಲಿ ಸಾಮಾನೇ ದಾರಿದೀಪ. ಆ ಮನೆಯಲ್ಲಿ ಒಂದು ಚಮಚವೂ ಗೇಣುದ್ದ ಸರಿದದ್ದಿಲ್ಲ. ಆದರೆ ಮೂರು ತಿಂಗಳಿಂದ ಏನಾಗುತ್ತಿದೆ? ಕಿಮ್ಚಿ ಉಪ್ಪಿನಕಾಯಿಯ ಡಬ್ಬಿ ಇರಬೇಕಾದಲ್ಲಿ ಉಪ್ಪಿನ ಡಬ್ಬಿ. ಅವನ ಚಪ್ಪಲಿಯ ಜಾಗದಲ್ಲಿ ಅವಳ ಚಪ್ಪಲಿ. ಹೋದ ವಾರ ನಡುದಾರಿಯಲ್ಲಿ ಸ್ಟೂಲು, ಎಡವಿ ಮೊಣಕಾಲು ತರಚಿತು. ನಿನ್ನೆ ಬಾರ್ಲಿ ನೀರೆಂದು ಅವಳು ಕೊಟ್ಟ ಲೋಟದಲ್ಲಿ ವಿನಿಗರ್.

"ಅಯ್ಯೋ, ಕೈ ತಪ್ಪಿತು ಕಣ್ರೀ," ಎಂದು ನಕ್ಕಿದ್ದಳು. ಆ ನಗೆ ಬಹಳ ಬೇಗ ನಿಂತಿತ್ತು.

ಪರದೆ ಹೊಲಿಯುವ ಕೆಲಸವನ್ನೂ ಬಿಟ್ಟಿದ್ದಳು. ಮಣಿಕಟ್ಟು ನೋವು ಎಂದಳು. ಸಾವಿರಾರು ಮೈ ಒತ್ತಿದ ಅವನ ಹೆಬ್ಬೆರಳಿಗೆ ಅವಳ ಮಣಿಕಟ್ಟಿನಲ್ಲಿ ಒಂದು ಗಂಟೂ ಸಿಗಲಿಲ್ಲ. ಕುತ್ತಿಗೆ ಮಾತ್ರ ಕಲ್ಲಾಗಿತ್ತು. ಮಂಗಳವಾರ ಬಂದರೆ ಹಾಡು ಕಲಿಯಲು ಎಂದು ಹೊರಡುತ್ತಾಳೆ. ಮನೆಯಲ್ಲಿ ಒಂದು ಸಾಲೂ ಗುನುಗಿದ್ದಿಲ್ಲ.

ಅವನಂತೆಯೇ ಕಣ್ಣಿಲ್ಲದ ಜೊತೆಗಾರ ಛಾಂಗ್‌ಉಕ್ ಕೆಲಸದ ನಡುವೆ ಚುಡಾಯಿಸಿದ್ದ: "ಅಣ್ಣ, ಅತ್ತಿಗೆಗೆ ನೀವು ಸಾಕಾಗಿರಬೇಕು. ಇನ್ಮೇಲೆ ಊಟ ನೋಡ್ಕೊಂಡು ಮಾಡಿ!"

ಆ ದಿನ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

"ಆ ಗಂಡ ಸಾಯ್ತಾನೇನೇ?" ಎಂದು ಈಗ ಕೇಳಿದ.

ಟೀವಿಯಲ್ಲಿ ಆಗ ಯಾವ ಸದ್ದೂ ಇರಲಿಲ್ಲ.

"ಗೊತ್ತಿಲ್ಲಪ್ಪ. ಹೆಂಡತಿ ಮುಖ ನೋಡಿದ್ರೆ ಏನೋ ಮುಚ್ಚಿಡ್ತಿದಾಳೆ ಅನ್ಸುತ್ತೆ. ಎಷ್ಟು ದಿನ ಅಂತ ಮುಚ್ಚಿಡೋಕಾಗುತ್ತೆ?" ಅವಳು ಎದ್ದಳು. "ಸೇಬು ತರ್ತೀನಿ. ಇಲ್ಲೇ ಕೂತು ಸಿಪ್ಪೆ ತೆಗೆದುಕೊಡ್ತೀನಿ. ನೀವು ಇದ್ದಲ್ಲೇ ಇರಿ. ಅಲ್ಲಾಡಬೇಡಿ."

ಯಾಕೆ ಅಲ್ಲಾಡಬಾರದು?

ರಿಮೋಟಿನ ಮೂಲೆಯಲ್ಲಿ ಒಂದು ಉಬ್ಬು ಗುಂಡಿಯಿತ್ತು. ಒತ್ತಿದರೆ ಟೀವಿಯೇ ದೃಶ್ಯವನ್ನು ಮಾತಿನಲ್ಲಿ ಹೇಳುತ್ತದೆ. "ನಾನಿರುವಾಗ ಆ ಹೆಂಗಸಿನ ದನಿ ಯಾಕ್ರೀ?" ಎಂದು ಹೇರಾನ್ ಹಿಂದೊಮ್ಮೆ ಮುನಿಸಿಕೊಂಡಿದ್ದಳು. ಅಂದಿನಿಂದ ಅವನು ಅದನ್ನು ಮುಟ್ಟಿರಲಿಲ್ಲ. ಈಗ ದನಿ ತಗ್ಗಿಸಿ, ಚಿತ್ರವನ್ನು ತುಸು ಹಿಂದಕ್ಕೋಡಿಸಿ, ಗುಂಡಿ ಒತ್ತಿದ.

ಅದೇ ಕರ್ರೆನ್ನುವ ಸದ್ದು. ಅದರ ಬೆನ್ನಿಗೇ ಅಪರಿಚಿತ ಹೆಣ್ಣು ದನಿ: "ಹಡಗುಕಟ್ಟೆ. ಮುದುಕನೊಬ್ಬ ಕಬ್ಬಿಣದ ಗೇಟು ಎಳೆದು ಮುಚ್ಚುತ್ತಾನೆ. ಸುತ್ತ ಯಾರೂ ಇಲ್ಲ."

ಕುರ್ಚಿಯಿಲ್ಲ. ಗಂಡನಿಲ್ಲ. ಸಾಮಾನು ಸರಿಸುವ ಹೆಂಡತಿಯೂ ಇಲ್ಲ.

ಮಾನ್‌ಸಿಕ್ ತಟ್ಟನೆ ಗುಂಡಿ ಒತ್ತಿ ಆ ದನಿ ನಿಲ್ಲಿಸಿದ. ಹಾಗಾದರೆ ಇಷ್ಟು ಹೊತ್ತು ಇವಳು ಹೇಳಿದ್ದು ಯಾರ ಕಥೆ?

ಅಡುಗೆಮನೆಯಲ್ಲಿ ಸರ್ರನೆ ಚಾಕು ಹೊರಬಂತು. ಆಮೇಲೆ ಹೆಜ್ಜೆ. ಇಪ್ಪತ್ತೆರಡು ವರ್ಷ ಧಡಧಡ ನಡೆದವಳು ಈಗ ಪಾದ ಎತ್ತದೆ, ನೆಲಕ್ಕೆ ಉಜ್ಜುತ್ತ, ನಿಧಾನವಾಗಿ ಬರುತ್ತಿದ್ದಳು. ಬೇಟೆಗೆ ಹೊರಟ ಬೆಕ್ಕಿನ ಹಾಗೆ.

ಓಡಲು ದಾರಿಯಿಲ್ಲ, ಬಾಗಿಲು ಅವಳ ಬೆನ್ನ ಹಿಂದೆ. ಅವನು ಸದ್ದಿಲ್ಲದೆ ಸೋಫಾದಿಂದ ಜಾರಿದ. ಕೈಗೆ ಸಿಕ್ಕ ಸ್ಟೂಲನ್ನು ಇಬ್ಬರ ನಡುವೆ ಇಟ್ಟ. ಬಾಲ್ಕನಿಯ ಗಾಜಿಗೆ ಬೆನ್ನು ಒತ್ತಿ ಕುಕ್ಕರಿಸಿದ. ಗಾಜಿನಿಂದ ಸುಡುವ ಬಿಸಿಲು, ಕೋಣೆಯಿಡೀ ಬೆಳಕಿರಬೇಕು. ಅಡಗಲು ನೆರಳೂ ಇಲ್ಲ. ಅವಳಿಗೆ ತಾನು ಬಯಲಿನಲ್ಲಿ ಕೂತ ಕೋಳಿಯ ಹಾಗೆ ಕಾಣುತ್ತಿರುತ್ತೇನೆ ಎಂದುಕೊಂಡು ಅವನು ಉಸಿರು ಬಿಗಿಹಿಡಿದ.

ಹೆಜ್ಜೆ ಹತ್ತಿರ ಬಂತು. ಇನ್ನೂ ಹತ್ತಿರ.

ಧಡ್!

ಸ್ಟೂಲು ಉರುಳಿತು. ಚಾಕು ಠಣಠಣ ಎಂದು ನೆಲಕ್ಕೆ ಬಿತ್ತು. ಸೇಬು ಉರುಳಿ ಬಂದು ಅವನ ಕಾಲ್ಬೆರಳಿಗೆ ತಾಗಿ ನಿಂತಿತು.

"ಏನಾಗಿಲ್ಲ, ಏನಾಗಿಲ್ಲ. ನೀವು ಸೋಫಾ ಬಿಟ್ಟು ಏಳಬೇಡಿ," ಎಂದಳು ಹೇರಾನ್, ಆ ಖಾಲಿ ಸೋಫಾಕ್ಕೆ.

ಆಮೇಲೆ ನೆಲದ ಮೇಲೆ ಉಗುರು ಸವರುವ ಸದ್ದು ಶುರುವಾಯಿತು: ಅಲಗು ತಾಗದಿರಲೆಂದು ಅಂಗೈ ಮಡಚಿ, ಬೆರಳುಗಳ ಹಿಂಬದಿಯಿಂದ, ಮೊದಲು ಚಿಕ್ಕ ಸುತ್ತು, ಆಮೇಲೆ ದೊಡ್ಡದು, ಅದಕ್ಕಿಂತ ದೊಡ್ಡದು, ಅಂಧರ ಶಾಲೆಯ ಮೊದಲ ವಾರ ಅವನಿಗೆ ಕಲಿಸಿದ್ದ ಹಾಗೆಯೇ.