ಮೂರನೇ ಸಲದ ಸೋಪು

ಆರೈಕೆ ಸಹಾಯಕಿ ವೆನ್ಲಾ ಅದೇ ಬೆನ್ನಿಗೆ ಮೂರನೇ ಸಲ ಸೋಪು ಹಚ್ಚುತ್ತಿದ್ದಳು.

"ಚರ್ಮ ಆದ್ರೂ ಉಳಿಸೇ ಮಾರಾಯ್ತಿ!" ವೃದ್ಧಾಶ್ರಮದ ಉಗಿಸ್ನಾನದ ಕೋಣೆಯಾದ ಸೌನಾದಲ್ಲಿ, ಹಲಗೆಯ ಮೇಲೆ ಕೂತಿದ್ದ ತೊಂಬತ್ತರ ಹಿಲ್ಕಾ ಅಜ್ಜಿ ಗೊಣಗಿದಳು. "ಫೋನ್ ಆಗ್ಲೇ ಗುಂಯ್ ಅಂತು. ನಿನ್ನ ನರ್ಸಿಂಗ್ ಸೀಟಿನ ವಿಷಯ ತಾನೆ? ಹೋಗಿ ನೋಡು."

"ಮೊದ್ಲು ನಿಮ್ಮ ಸ್ನಾನ ಮುಗೀಲಿ ಅಜ್ಜಿ," ಎನ್ನುತ್ತಲೇ ವೆನ್ಲಾ ಕಾದ ಕಲ್ಲುಗಳ ಮೇಲೆ ನೀರು ಸುರಿದುಬಿಟ್ಟಳು. ಒಳಗೆ ಕೂತವರನ್ನು ಕೇಳದೆ ಹಾಗೆ ಸುರಿಯಬಾರದೆಂದು ಆ ದೇಶದಲ್ಲಿ ಮಕ್ಕಳಿಗೂ ಗೊತ್ತು. ಬಿಸಿ ಉಗಿ ಭುಸ್ಸೆಂದು ಎದ್ದಿತು. ಅಜ್ಜಿ ಬೈಯಲಿಲ್ಲ, ಫೋನ್ ನೋಡಿ ಬಾ ಎಂಬಂತೆ ಬಾಗಿಲು ತೋರಿಸಿದಳು.

ವೆನ್ಲಾ ಹೊರಗಿದ್ದ ಫೋನ್ ನೋಡಿ ಬಂದಳು. "ಈ ಸಲಾನೂ ಸಿಗ್ಲಿಲ್ಲ."

"ಸದ್ಯ! ಇನ್ನೊಂದು ವರ್ಷ ನೀನೇ ತೊಳೀತೀಯಲ್ಲ," ಅಜ್ಜಿಗೆ ನಿಜಕ್ಕೂ ಖುಷಿಯಾಗಿತ್ತು.

ವೆನ್ಲಾಳಿಗೆ ರೇಗಿತು. "ಒಂದೇ ವರ್ಷ. ಆಮೇಲೆ ತೊಳೆಯೋಕೆ ಬೇರೆ ಯಾರನ್ನಾದ್ರೂ ಹುಡುಕ್ಕೊಳ್ಳಿ!"