ದೂರಿಲ್ಲದ ಹನ್ನೊಂದು ದಿನ

ಮುಂಬಯಿಯ ಭಾಂಡುಪ್‌ನ ಆ ಹೌಸಿಂಗ್ ಸೊಸೈಟಿಯ ಇತಿಹಾಸದಲ್ಲಿ ದಾಖಲಾಗಲೇಬೇಕಾದ ಸಂಗತಿಯೆಂದರೆ, ಸತತ ಹನ್ನೊಂದು ದಿನ ಶಶಿಕಾಂತನ ಮೇಲೆ ಒಂದೇ ಒಂದು ದೂರು ಬರಲಿಲ್ಲ.

ಇದರಿಂದ ಕಂಗೆಟ್ಟವನು ಶಶಿಕಾಂತ ಒಬ್ಬನೇ. ಇಪ್ಪತ್ತೆರಡು ವರ್ಷ ಗಿಟಾರ್ ಬಡಿದು, ಸರ್ಕಾರವನ್ನೂ, ಲೋಕಲ್ ರೈಲನ್ನೂ, ತನ್ನನ್ನು ಬಿಟ್ಟುಹೋದ ಇಬ್ಬರು ಹುಡುಗಿಯರನ್ನೂ ಬೈದು, ಯಾವ ರೆಕಾರ್ಡ್ ಕಂಪನಿಯ ಹಂಗಿಲ್ಲದೆ ರಾಕ್ ಹಾಡು ಕಟ್ಟಿದವನು. ಕೆಳಮನೆಯ ಕಾಶಪ್ಪ, ಸೊಸೈಟಿಯ ಸೆಕ್ರೆಟರಿ, ದೂರು ಹೇಳಲು ಮೇಲೆ ಬಂದು ಬಾಗಿಲು ಬಡಿದರೆ ಹಾಡು ಗೆದ್ದಿತೆಂದೇ ಅರ್ಥ. ಐವತ್ತೊಂದನೇ ವಯಸ್ಸಿನಲ್ಲಿ ಹಾಡಿನ ಮಾತೆಲ್ಲ ಸಾಕೆನಿಸಿ, ಗ್ರಾಂಟ್ ರೋಡಿನ ಅಂಗಡಿಯೊಂದರಿಂದ ಹದಿನೈದು ದಿನದ ಮಟ್ಟಿಗೆ ಹಳೇ ಪಿಯಾನೋ ಬಾಡಿಗೆಗೆ ತರಿಸಿದ. ದಿನಾ ಮಧ್ಯಾಹ್ನ ನುಡಿಸಿದ. ಕಾಶಪ್ಪ ಬರಲಿಲ್ಲ. ಇದರಲ್ಲಿ ಜೀವವೇ ಇಲ್ಲ ಎಂದುಕೊಂಡು, ಸೋಮವಾರ ಬಂದು ಒಯ್ಯಿರಿ ಎಂದು ಅಂಗಡಿಗೆ ಫೋನ್ ಮಾಡಿದ.

ಹನ್ನೆರಡನೆಯ ದಿನ ಬಾಗಿಲ ಬೆಲ್ ಆಯಿತು. ಬನಿಯನ್ನಿನಲ್ಲಿ ಕಾಶಪ್ಪ. ಶಶಿಕಾಂತನ ಮುಖ ಅರಳಿತು.

"ಭಾಳ ಗದ್ದಲ ಆತೇನ್ರಿ ಕಾಕಾ?"

"ಗದ್ದಲ ಎಲ್ಲೀದೋ. ನಿನ್ನೆ ಅರ್ಧಕ್ಕ ಯಾಕ ನಿಲ್ಲಿಸಿದಿ? ನಿಮ್ಮ ಕಾಕು, ನಮ್ಮ ಮನಿಯಾಕಿ, ಎದ್ದು ಕುಂತಳು. ಮೊಣಕಾಲ ಆಪರೇಶನ್ ಆದಾಗಿಂದ ಆಕಿಗೆ ನಿದ್ದಿ ಇಲ್ಲ. ಈ ನಿನ್ನ ಪಿಯಾನೋ ಪೇಟಿ ಬಂದ ಮ್ಯಾಲೆ ಗೊರಕಿ ಹೊಡ್ಯಾಕತ್ತಾಳ."

"ಕಾಕಾ, ಇದು ಸೀರಿಯಸ್ ಮ್ಯೂಸಿಕ್. ನಿದ್ದಿ ಗುಳಿಗಿ ಅಲ್ಲ."

"ಇಪ್ಪತ್ತೆರಡು ವರ್ಷ ಎಬ್ಬಿಸೀಯಪಾ. ಈಗ ಒಂದೀಟು ಮಲಗಸು."

ಶಶಿಕಾಂತ ಮುಖ ಗಂಟಿಕ್ಕಿ ಬಾಗಿಲು ಹಾಕಿಕೊಂಡ. ಆಮೇಲೆ, ಯಾಕೋ, ಅರ್ಧಕ್ಕೆ ನಿಲ್ಲಿಸದೆ ನುಡಿಸಿದ.

ಸೋಮವಾರ ಅಂಗಡಿಯ ನಾಲ್ವರು ಹಗ್ಗ ಹಿಡಿದು ಬಂದರು. ದೊಡ್ಡ ಸಾಮಾನು ಗೇಟು ದಾಟಬೇಕಾದರೆ ಸೆಕ್ರೆಟರಿಯ ಸಹಿಯಾಗಬೇಕು. ಕಾಶಪ್ಪ ಶಶಿಕಾಂತ ಕೊಟ್ಟ ಗೇಟ್‌ಪಾಸ್ ಚೀಟಿಯನ್ನು ಎರಡು ಸಲ ಓದಿ, ಕನ್ನಡಕ ತೆಗೆದ.

"ಒಯ್ಯಾಕ ಕಾರಣ ನೀ ಬರದೇ ಇಲ್ಲ."

"ಏನಂತ ಬರೀಲಿ?"

"ನನ್ನ ಕೇಳ್ತೀಯಲ್ಲೋ. ಹಾಡು ಬರಿಯಾಂವ ನೀನು."

ಶಶಿಕಾಂತ ಪೆನ್ನು ಹಿಡಿದು ಲಿಫ್ಟಿನ ಬಾಗಿಲಿಗೆ ಒರಗಿ ನಿಂತ. ಹತ್ತು ನಿಮಿಷವಾಯಿತು. ಚೀಟಿಯಲ್ಲಿ ಕಾರಣದ ಜಾಗ ಖಾಲಿಯೇ ಇತ್ತು. ಹಗ್ಗದವರು ಗಡಿಯಾರ ನೋಡಿದರು, ಕಾಶಪ್ಪ ಅವರಿಗೆ ಚಹಾ ತರಿಸಿದ.

ನಾಲ್ವರೂ ಚಹಾ ಕುಡಿದು ಹೋದರು. ಪಿಯಾನೋ ಮೂರನೇ ಮಹಡಿಯಲ್ಲೇ ಉಳಿಯಿತು.